ಹೆಣಕ್ಕೆ ಹತ್ತೂವರೆಗೆ ಅಲಾರಂ

ರೀ,

ಚರ್ಚಿಗೆ ಹೊರಟೆ. ಇವತ್ತು ಬೇಸಿಗೆ ಬೈಬಲ್ ಶಾಲೆಯ ಕೊನೇ ದಿನ, ಬಿಷಪ್ ಬೇರೆ ಬರ್ತಾರೆ. ನನ್ನ ಮಾನ ಉಳಿಸಿ.

ನೈಟ್ ಶಿಫ್ಟ್ ಮುಗಿಸಿ ಸುಸ್ತಾಗಿರ್ತೀರಿ, ಒಪ್ಪಿದೆ. ಆದ್ರೆ ನಿನ್ನೆ ಮಕ್ಕಳ ಮುಂದಿನ ನಾಟಕದಲ್ಲಿ ನಿಮಗೆ ಕೊಟ್ಟಿದ್ದು ಸತ್ತ ನಾಲ್ಕನೇ ದಿನ ಸಮಾಧಿಯಿಂದ ಎದ್ದು ಬರೋನ ಪಾತ್ರ. ಪಾಸ್ಟರು "ಎದ್ದು ಬಾ" ಅಂತ ಮೂರು ಸಲ ಕೂಗಿದ್ರು. ಒಳಗಿಂದ ಗೊರಕೆ! ಕೊನೆಗೆ ಮಗ್ಗುಲು ಬದಲಿಸಿ "ಇನ್ನೈದು ನಿಮಿಷ ಕಣೇ" ಅಂದ್ರಿ. ಪಾಸ್ಟರಿಗೆ!

ಈಗ ನಾನು ಪಾಠ ಹೇಳೋ ನಲವತ್ತು ಮಕ್ಕಳೂ ಅದನ್ನೇ ಬಾಯಿಪಾಠ ಮಾಡ್ಕೊಂಡಿದ್ದಾವೆ. ಸತ್ತವನು ಎದ್ದು ಏನಂದ ಅಂತ ಬಿಷಪ್ ಕೇಳಿದ್ರೆ ನನ್ನ ಗತಿ? ಅದಕ್ಕೇ ಇವತ್ತು ಇನ್ನೊಂದ್ಸಲ ಸರಿಯಾಗಿ ಎದ್ದು ತೋರಿಸ್ಬೇಕು. ಬೇರೆಯವರನ್ನ ಹಾಕೋಣ ಅಂದ್ರೆ, ಆ ಅಂಕಲ್ಲೇ ಸಾಯ್ಬೇಕು ಅಂತ ಮಕ್ಕಳ ಹಠ.

ಹೆಣಕ್ಕೆ ಸುತ್ತೋ ಬಟ್ಟೆ ಒಗೆದು ಹಗ್ಗದ ಮೇಲೆ ಹಾಕಿದ್ದೀನಿ, ತನ್ನಿ. ತಿಂಡಿ ಮುಚ್ಚಿಟ್ಟಿದ್ದೀನಿ, ಹೊಟ್ಟೆ ಬಿರಿಯೋ ಹಾಗೆ ತಿನ್ಬೇಡಿ. ನಿನ್ನೆ ಸಮಾಧಿಯೊಳಗೆ ಸಿಕ್ಕ ದಿಂಬು ನಮ್ಮನೇದು ಅಂತ ನಾನಿನ್ನೂ ಒಪ್ಕೊಂಡಿಲ್ಲ.

ಹತ್ತೂವರೆಗೆ ಅಲಾರಂ ಇಟ್ಟಿದ್ದೀನಿ. ಅದು ಹೊಡೆದಾಗ ದಿನಾ ಹೇಳೋ ಆ ಮಾತನ್ನ ಮನೆಯಲ್ಲೇ ಹೇಳಿ ಮುಗಿಸ್ಕೊಂಡು ಬನ್ನಿ.