ತಾಯಿಗೂ ಕೂಸಿಗೂ ಒಂದೇ ಹದ

ಕಲ್ಲೊಳಗಿನ ಕೇರಿ
ಹದಿಮೂರನೇ ತಿಂಗಳು, ನಲವತ್ತನೇ ತಾರೀಖು, ಇಸವಿ ೨೪೧೭

ನಮ್ಮ ಗಾಳಿಯಂತ್ರದ ಪ್ರೋಗ್ರಾಮ್ ಬರೆಯುತ್ತಿರುವ ಹಿರಿಯರಿಗೆ ಸಿರಿಯವ್ವ ಮಾಡುವ ನಮಸ್ಕಾರ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಾನು ಶಾಲೆಗೆ ಹೋದದ್ದು ನಾಲ್ಕೇ ಬೇಸಿಗೆ. ಆಮೇಲೆ ಶಾಲೆಯ ಗಾಳಿಯೇ ಕೆಟ್ಟು ಬಾಗಿಲು ಹಾಕಿದರು. ಇದು ನಿಮಗೆ ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೆ ನಗುತ್ತೀರೋ ಏನೋ, ಅದೂ ಒಂದು ಚಿಂತೆ.

ಇಲ್ಲಿ ಹೊರಗೆ ಉಸಿರಾಡುವ ಹಾಗಿಲ್ಲ. ಬಂಡೆ ಕೊರೆದ ಕೋಣೆಗಳಲ್ಲಿ ಇರುತ್ತೇವೆ. ಒಬ್ಬೊಬ್ಬರಿಗೂ ಒಂದೊಂದು ‘ಹದ’ ಉಂಟು. ಎಷ್ಟು ಬಿಸಿ, ಎಷ್ಟು ತೇವ ಬೇಕೆಂದು ಯಂತ್ರ ನೆನಪಿಡುವುದು. ಯಾವ ಕೋಣೆಗೆ ಹೋದರೂ ಅದು ಹಿಂದೆಯೇ ಬರುತ್ತದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಕಿವಿಯಲ್ಲಿ ಹೆಸರು ಹೇಳಿದ ಮೇಲೆ, ಸೋದರತ್ತೆ ಯಂತ್ರದ ಮುಂದೆ ನಿಂತು ‘ಕೂಸಿನ ಹದ = ತಾಯಿಯ ಹದ’ ಎಂದು ಒತ್ತುವುದು ನಮ್ಮ ಪದ್ಧತಿ. ತಾಯಿಯ ಕೊಡದಿಂದ ಕೂಸಿನ ಚೊಂಬಿಗೆ ಒಂದಿಷ್ಟು ಬಗ್ಗಿಸಿದ ಹಾಗೆ ಎಂದೇ ತಿಳಿದಿದ್ದೆವು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವಷ್ಟು ದಿನ ಯಾರಿಗೂ ತೊಂದರೆ ಕಾಣಲಿಲ್ಲ.

ನನ್ನ ಮಗಳು ಹೊನ್ನಾಂಬೆಗೆ ಸುಡುಜ್ವರ ಬಂತು. ಅವಳ ಕೂಸು ಮುಕುತೆ ತಿಂಗಳು ತುಂಬದೆ ಹುಟ್ಟಿದ್ದು, ಬೆಚ್ಚಗಿರಲೇಬೇಕು. ಜ್ವರ ತಗಲದಿರಲೆಂದು ನನ್ನ ಕೋಣೆಗೆ ತಂದೆ. ಗಾಳಿ ನೋಡಿಕೊಳ್ಳುವ ದ್ಯಾಮಕ್ಕ ಹೊನ್ನಾಂಬೆಯ ಹದ ತಣ್ಣಗೆ ಮಾಡಿದಳು. ಇತ್ತ ನನ್ನ ಮಡಿಲಲ್ಲಿ ಕೂಸಿನ ತುಟಿ ನೀಲಿಯಾಯಿತು. ಕೂಸಿನದನ್ನು ನಾನು ಮುಟ್ಟೇ ಇಲ್ಲ ಸಿರಿಯಕ್ಕ, ನಿನ್ನಾಣೆ, ಎಂದು ದ್ಯಾಮಕ್ಕ ಅತ್ತಳು. ಪಾಪ, ನಿಜವನ್ನೇ ಹೇಳಿದ್ದಳು. ಕೂಸಿನ ಹದ ಏರಿಸಿದೆವು. ಅಲ್ಲಿ ತಾಯಿ ಬೇಯತೊಡಗಿದಳು. ಯಾರನ್ನು ಉಳಿಸಿಕೊಳ್ಳಲಿ ನಾನು?

ಕೊನೆಗೆ ದ್ಯಾಮಕ್ಕನಿಗೆ ಹೊಳೆಯಿತು. ಕೂಸಿಗೆ ಬೇರೆ ಚೊಂಬು ಇರಲೇ ಇಲ್ಲ. ಇದ್ದದ್ದು ಒಂದೇ ಕೊಡ, ಅದರ ಕುತ್ತಿಗೆಗೆ ಎರಡು ಹೆಸರಿನ ಚೀಟಿ. ಯಾವ ಚೀಟಿ ಹಿಡಿದೆಳೆದರೂ ಕದಲುವುದು ಅದೇ ಕೊಡ. ಅದರಂಥದೇ ಹೊಸದೊಂದು ಹದ ಮಾಡಿಸಿ, ಕೂಸಿನ ಹೆಸರನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕಟ್ಟಿದಳು. ಎರಡರಲ್ಲೂ ಒಂದೇ ಅಂಕಿ ಕಂಡು ನನ್ನ ಜೀವ ಮತ್ತೆ ಹಾರಿತು. ಅಂಕಿ ಒಂದಾದರೆ ಕೊಡವೂ ಒಂದೇ ಆಗುತ್ತದೇನೇ ಪುಕ್ಕಲಿ, ಎಂದು ಗದರಿ, ತಾಯಿಯದನ್ನು ಇಳಿಸಿ ತೋರಿಸಿದಳು. ಕೂಸಿನದು ಅಲುಗಲಿಲ್ಲ.

ಇಬ್ಬರೂ ಉಳಿದರು. ಆದರೂ ಎರಡೂ ಕೋಣೆಗೆ ಹೋಗಿ ಗಾಳಿಗೆ ಕೈಯೊಡ್ಡಿ ನೋಡುವುದನ್ನು ನಾನು ಬಿಟ್ಟಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ನಿಮಗೂ ನೂರು ಕೆಲಸ, ಮನೆಯಲ್ಲಿ ಅಳುವ ಕೂಸಿದ್ದೀತು. ಕೇರಿಯಲ್ಲಿ ಇನ್ನೂ ಎಷ್ಟೋ ತೊಟ್ಟಿಲು ತೂಗಬೇಕು. ‘ಕೂಸಿನ ಹದ = ತಾಯಿಯ ಹದ’ ಎಂಬ ಆ ಸಾಲು ಬರೆಯುವಾಗ ಪಕ್ಕದಲ್ಲೇ ನಮ್ಮಂಥವರಿಗೆ ತಿಳಿಯುವ ಹಾಗೆ ಒಂದು ಮಾತು ಬರೆದಿಡಿ: ಇಲ್ಲಿ ಕೂಸಿಗೆ ಕೊಟ್ಟದ್ದು ಹೆಸರು ಮಾತ್ರ, ಗಾಳಿ ಇನ್ನೂ ಕೊಟ್ಟಿಲ್ಲ.