ಮಾದರಿಗೆ ಇಟ್ಟ ಫೋಟೋ

ಕಾಗವಾಡ
೧೮ ನವೆಂಬರ್ ೨೦೧೭

ಪ್ರೀತಿಯ ಪ್ರಾಜಕ್ತಾ,

ಹೇಗಿದ್ದೀ? ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡ. ಫೋನು ಬೇಡ, ಕೈಯಲ್ಲೇ ಬರಿ ಎಂದಿದ್ದೀ. ಇಷ್ಟು ವರ್ಷ ಕೀಬೋರ್ಡು ಕುಟ್ಟಿದ ಬೆರಳುಗಳು ಪೆನ್ನು ಹಿಡಿಯಲು ಮುನಿಸಿಕೊಳ್ಳುತ್ತಿವೆ. ಅಕ್ಷರ ನೋಡಿ ನಗಬೇಡ.

ನಿಮ್ಮ ಅಥಣಿ ಶಾಲೆಯ ಮಕ್ಕಳಿಗೆ ನಾನು ವೆಬ್ ಡಿಸೈನರ್ ಆದದ್ದು ಹೇಗೆ, ಚಿಕ್ಕಂದಿನ ಹವ್ಯಾಸ ಅನ್ನ ಕೊಟ್ಟದ್ದು ಹೇಗೆ ಎಂದು ಹೇಳಬೇಕಂತೆ. ಡ್ರಾಯಿಂಗ್ ಟೀಚರಾದ ನೀನೇ ಕರೆದ ಮೇಲೆ ಇಲ್ಲ ಎನ್ನಲಾದೀತೇ? ಆದರೆ ಏನು ಹೇಳಲಿ ಎಂದು ಕೂತಾಗಲೆಲ್ಲ ನಿಮ್ಮ ಮನೆಯ ಪಡಸಾಲೆಯೇ ಕಣ್ಣಿಗೆ ಬರುತ್ತದೆ.

ಬೇಸಿಗೆಯಲ್ಲಿ ನಿಮ್ಮ ಮನೆಗೆ ಬರುತ್ತಿದ್ದ ಲಗ್ನಪತ್ರಿಕೆಗಳ ರಾಶಿ ನೆನಪಿದೆಯೇ? ಒಂದರ್ಧ ಕನ್ನಡ, ಒಂದರ್ಧ ಮರಾಠಿ. ಮದುವೆ ಮುಗಿದ ಪತ್ರಿಕೆಗಳನ್ನು ಕತ್ತರಿಸಿ, ನೋಟ್‌ಬುಕ್ಕಿನಲ್ಲಿ ಅಂಟಿಸಿ, ಗೊಂಬೆಗಳಿಗೆ ಹೊಸ ಪತ್ರಿಕೆ ಮಾಡುತ್ತಿದ್ದೆವು. ನನಗೋ ಆಸೆಬುರುಕತನ, ಕಂಡ ಹೂವು, ಕಂಡ ಬಳ್ಳಿ ಎಲ್ಲ ಒಂದೇ ಹಾಳೆಗೆ ಬೇಕು. ನೀನು ನನ್ನ ಕೈಯಿಂದ ಅಂಟು ಕಸಿದುಕೊಂಡು ಹೇಳುತ್ತಿದ್ದೆ: “ಅಕ್ಷರಕ್ಕ ಕೂಡಾಕ ಜಾಗಾ ಬಿಡ ಬೇ. ಹಿಂಗ ತುಂಬಿದ್ರ ಯಾರ ಓದ್ತಾರ?”

ನನ್ನ ವಿದ್ಯೆ ಅಷ್ಟೇ, ಪ್ರಾಜಕ್ತಾ. ನನ್ನ ಪುಟಗಳು ಕಣ್ಣಿಗೆ ಹಿತವಾಗಿವೆ ಎಂದು ಗಿರಾಕಿಗಳು ಹೊಗಳಿದಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಜಾಗ ಬಿಡುವ ಆ ಮಾತು ನಿನ್ನದು ಎಂದು ಯಾರಿಗೂ ಹೇಳಿಲ್ಲ.

ಆಮೇಲೆ ಮಿರಜಿನ ಕಂಪ್ಯೂಟರ್ ಕ್ಲಾಸು. ಬಸ್ಸಿನಲ್ಲಿ ಒಂದೇ ಸೀಟು ಹಿಡಿದು ಹೋಗಿಬರುತ್ತಿದ್ದೆವು. ಇಬ್ಬರೂ ಸೇರಿ ಕಾಗವಾಡದಲ್ಲೇ ಡಿಸೈನ್ ಅಂಗಡಿ ತೆರೆಯುವುದೆಂದು ಗೊತ್ತುಮಾಡಿ, ಬೋರ್ಡನ್ನೂ ನೀನು ಬರೆದಿಟ್ಟಿದ್ದೆ. ನಿನ್ನ ಹೆಸರು ಮೊದಲೋ ನನ್ನದೋ ಎಂದು ಒಂದು ವಾರ ಜಗಳವಾಡಿದ್ದೆವು.

೨೦೦೯ರ ಮಾತು ಬಿಟ್ಟು ಮುಂದೆ ಹೋಗಲು ಪೆನ್ನು ಒಪ್ಪುತ್ತಿಲ್ಲ. ನನಗೆ ಸಿಕ್ಕ ಮೊದಲ ಕೆಲಸ ನಮ್ಮೂರಿನ ಬಾಬಾಸಾಹೇಬರ ವಧು-ವರ ಕೇಂದ್ರದ ವೆಬ್‌ಸೈಟ್. ಪುಟಗಳು ಹೇಗೆ ಕಾಣುತ್ತವೆಂದು ಅವರಿಗೆ ತೋರಿಸಲು, ಮಾದರಿಗೆಂದು ಕ್ಲಾಸಿನವರ ಫೋಟೋ ಹಾಕಿದ್ದೆ. ವಿಚ್ಛೇದನವಾದವರ ಪುಟಕ್ಕೆ ನಿನ್ನದು. ‘ಘಟಸ್ಫೋಟಿತ’ ಎಂಬ ಮರಾಠಿ ತಲೆಬರಹದ ಕೆಳಗೆ ನೀನು ನಗುತ್ತಿದ್ದೆ. ಸೈಟ್ ಜನರಿಗೆ ತೆರೆಯುವಾಗ ಉಳಿದವರ ಫೋಟೋ ತೆಗೆದುಹಾಕಿದೆ, ನಿನ್ನದು ಉಳಿಯಿತು. ನಿನ್ನ ನಿಶ್ಚಿತಾರ್ಥದ ಸಾಖರಪುಡಾ ಆಗಿ, ಸಕ್ಕರೆ ಹಂಚಿ, ಎಂಟು ದಿನವೂ ಆಗಿರಲಿಲ್ಲ. ಸಾಂಗಲಿಯ ಬೀಗರಲ್ಲಿ ಯಾರೋ ಅದನ್ನು ನೋಡಿದರು. ನಿಶ್ಚಯದ ಸೀರೆ ವಾಪಸು ಕೇಳಿ ಕಳಿಸಿದರು. ಮಾದರಿ ಎಂದರೆ ಏನೆಂದು ಅವರಿಗೆ ತಿಳಿಸುವವರು ಯಾರು?

ನಿನ್ನ ಅಪ್ಪ, ಧನಪಾಲ ಕಾಕಾ ನಮ್ಮ ಮನೆಗೆ ಬಂದರು. ನೀರು ಕೊಟ್ಟರೂ ಕುಡಿಯಲಿಲ್ಲ. “ಖರೇ ಹೇಳವಾ ಸಾರಿಕಾ, ಮರ್ತ ಬಿಟ್ಟಿದ್ದೇನ?” ಎಂದು ಕೇಳಿದರು. “ಹೌದ್ರಿ ಕಾಕಾ, ಮರ್ತಿದ್ನಿ” ಎಂದೆ. ಮಷಿನ್ನಿನ ಕೆಲಸ, ತಪ್ಪಾಗುತ್ತದೆ, ಅಳಬೇಡ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನೀನಂತೂ, ಸಾರಿಕಾ ಬೇಕೆಂದು ಮಾಡುವವಳಲ್ಲ ಎಂದು ಇಡೀ ಓಣಿಯ ಜೊತೆ ಜಗಳಕ್ಕೆ ನಿಂತೆ.

ಮತ್ತೆ ಬಂದ ಎರಡು ಸಂಬಂಧಗಳೂ ಅದೇ ಮಾತು ಕೇಳಿ ತಿರುಗಿ ಹೋದವು. ನೀನು ಡ್ರಾಯಿಂಗ್ ಕೋರ್ಸ್ ಮಾಡಿ ಟೀಚರ್ ಆದೆ. ಆದದ್ದು ಒಳ್ಳೆಯದಕ್ಕೇ ಆಯಿತು ಎಂದು ಜನ ಹೇಳುತ್ತಾರೆ. ನಾನು ಹಾಗೆ ಹೇಳುವಂತಿಲ್ಲ.

ಇರಲಿ. ಖಂಡಿತ ಬರುತ್ತೇನೆ. ಆ ಹಳೆಯ ನೋಟ್‌ಬುಕ್ಕನ್ನೂ ತರುತ್ತೇನೆ, ಮಕ್ಕಳು ನೋಡಲಿ. ತಾಯಿಯವರಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳಿಗೆಲ್ಲ, ಆ ಇಡೀ ತರಗತಿಗೆ, ನನ್ನ ಆಶೀರ್ವಾದ. ನಿನಗೆ ಒಳ್ಳೆಯದಾಗಲಿ.

ನಿನ್ನ
ಸಾರಿಕಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ನಾನು ಮರೆತಿರಲಿಲ್ಲ. ಸಾಖರಪುಡಾದ ದಿನ ಹಸಿರು ಬಳೆ ತೋರಿಸುತ್ತ, “ಅವರಿಗೆ ಸೊಸಿ ಹೊರಗ ದುಡಿಯೂದ ಬ್ಯಾಡಂತ. ಅಂಗಡಿ ನೀ ಒಬ್ಬಾಕಿನ ತಗಿ ಬೇ” ಎಂದು ನಕ್ಕೆಯಲ್ಲ, ಮರುದಿನ ಫೋಟೋ ತೆಗೆದುಹಾಕಲೆಂದೇ ಆ ಪುಟ ತೆರೆದೆ. ನಿನ್ನ ನಗು ನೋಡಿದೆ. ಮುಚ್ಚಿದೆ. ದಿನವೂ ತೆರೆದು ನೋಡಿ ಹಾಗೆಯೇ ಬಿಟ್ಟೆ. ಯಾರೂ ನೋಡಲಾರರು ಎಂದುಕೊಂಡೆ ಎಂದು ಬರೆದರೆ ಅದೂ ಸುಳ್ಳು. ಯಾರಾದರೂ ನೋಡಲಿ ಎಂದೇ ಮನಸ್ಸಿನಲ್ಲಿತ್ತು. ನೀನು ನನ್ನನ್ನು ಬಿಟ್ಟು ಹೋಗಬಾರದಿತ್ತು, ಅಷ್ಟೇ. ಕಾಕಾ ನಾನು ಹೇಳಿದ್ದನ್ನೇ ನಂಬಿ ತೀರಿಕೊಂಡರು. ನೀನೊಬ್ಬಳು ಉಳಿದಿದ್ದೀ. ಇದನ್ನು ಓದಿದ ಮೇಲೂ ನಿನ್ನ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸಬೇಕೆನಿಸಿದರೆ, ಬರಬೇಕಾದ ದಿನ ಬರೆದು ಕಳಿಸು. ಇಲ್ಲವಾದರೆ ನೋಟ್‌ಬುಕ್ಕನ್ನು ಅಂಚೆಗೆ ಹಾಕುತ್ತೇನೆ. ಅದು ನಿನ್ನದು.