ಕಿವಿಗಿಡುವ ಕೋಲು

ಭದ್ರಾವತಿ, 9-8-1965

ಮಂಚಯ್ಯ ಮಾವನಿಗೆ ನಂಜುಂಡನ ನಮಸ್ಕಾರ. ಹಾಸನದ ಕಾಲೇಜಿನಿಂದ ಆರು ತಿಂಗಳ ತರಬೇತಿಗೆಂದು ಈ ಕಾರ್ಖಾನೆಗೆ ಬಂದು ಹದಿನೈದು ದಿನವಾಯಿತು. ಇಲ್ಲಿನ ಮೇಸ್ತ್ರಿ, ನಮ್ಮ ಅರಕಲಗೂಡಿನವರೇ, ಓಡುವ ಮೋಟಾರಿಗೆ ಮರದ ಕೋಲು ಒತ್ತಿ, ಇನ್ನೊಂದು ತುದಿಗೆ ಕಿವಿಯಿಟ್ಟು, "ಬೇರಿಂಗ್ ಓಗೈತೆ ಕಣಯ್ಯ" ಅನ್ನುತ್ತಾರೆ. ಬಿಚ್ಚಿದರೆ ಹೋಗಿಯೇ ಇರುತ್ತದೆ. ಹೊಳೆನರಸೀಪುರದ ಅಕ್ಕಿ ಗಿರಣಿಯಲ್ಲಿ ನೀವು ಹೀಗೇ ಕೋಲಿಟ್ಟು ಕೇಳುವಾಗ, "ಇದು ಯಾವ ಪುಸ್ತಕದಾಗೈತೆ ಮಾವ" ಎಂದು ಎಲ್ಲರೆದುರು ನಕ್ಕಿದ್ದೆ. ಈಗ ಅದನ್ನೇ ಕಲಿಯುತ್ತಿದ್ದೇನೆ. ನನ್ನ ಕಿವಿಗೆ ಇನ್ನೂ ಬರೀ ಗದ್ದಲ. ಊಟಕ್ಕೆ ಮುದ್ದೆ ಸಿಗುತ್ತದೆ, ಕೆಮ್ಮು ಬಿಟ್ಟಿದೆ. ನಾನು ನಕ್ಕ ದಿನವೇ ಆ ಕೋಲನ್ನು ನೀವು ಒಲೆಗೆ ಹಾಕಿದಿರೆಂದು ಅತ್ತೆ ಈಗ ಬರೆಸಿದ್ದಾರೆ. ಕಾರ್ಡಿನಲ್ಲಿ ಜಾಗವಿಲ್ಲ. ಇಲ್ಲಿಂದ ಒಂದು ಕೋಲು ತಂದರೆ ಮುಟ್ಟುತ್ತೀರಾ, ಮಾವ?

ನಂಜುಂಡ